ಕಾರಣ ತಿಳಿಯದೆ ನಿಂತ ಕ್ರ್ಯಾಶ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪತ್ರಿಕೆಯ ಡೆಸ್ಕ್ ಬಿಟ್ಟು ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯನ್ನು ಸೇರಿದೆ. ಕಂಪ್ಯೂಟರ್ ವಿಭಾಗಕ್ಕೆ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಎದುರಿನ ಮೇಜಿನಲ್ಲಿ ಗದಗದ ಕಡೆಯ ಒಬ್ಬ ಪ್ರೋಗ್ರಾಮರ್ ಕೂರುತ್ತಿದ್ದ. ಇಬ್ಬರೂ ಕುರ್ಲಾದ ಸಾಲು ಕೋಣೆಗಳ ಒಂದೇ ಚಾಳಿನಲ್ಲಿದ್ದೆವು, ಒಂದೇ ಲೋಕಲ್ ರೈಲು ಹಿಡಿಯುತ್ತಿದ್ದೆವು. ಅವನ ನೌಕರಿ ತಾತ್ಕಾಲಿಕ. ಹೆಂಡತಿ ಮತ್ತು ಮಗಳು ಊರಿನಲ್ಲಿದ್ದರು. ಕಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತಿತ್ತು, ಅವರನ್ನು ಕರೆಸಿಕೊಳ್ಳಬಹುದಿತ್ತು. ಅವನಿಗೆ ಬೇಕಾದದ್ದು ಅಷ್ಟೇ.

ಭಾಂಡುಪಿನ ಒಂದು ಕಾರ್ಖಾನೆಗೆ ಯಾವ ಯಂತ್ರದಲ್ಲಿ ಯಾವ ಕೆಲಸ ಎಂದು ಹಂಚಿಕೊಡುವ ಪ್ರೋಗ್ರಾಮನ್ನು ಅವನಿಗೆ ಒಪ್ಪಿಸಿದ್ದರು. ಕಾರ್ಖಾನೆಯವರು ನೋಡಿ ಒಪ್ಪಿದರೆ ಅವನ ಹೆಸರನ್ನು ಕಾಯಂ ಹುದ್ದೆಗೆ ಕಳಿಸುವುದಾಗಿ ವಿಭಾಗದ ಮುಖ್ಯಸ್ಥರು ಹೇಳಿದ್ದರು. ಅವನು ಮೊದಲು ಹಳೆಯ ದೊಡ್ಡ ಕಂಪ್ಯೂಟರಿನ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಬರೆಯುತ್ತಿದ್ದವನು. ಹೊಸ ಕಂಪ್ಯೂಟರ್ ಬಂದಾಗ ಅದರ ಜೊತೆ ಸಿ ಭಾಷೆಯೂ ಬಂತು. ಕಲಿಸುವವರು ಯಾರೂ ಇರಲಿಲ್ಲ. ಅದರ ಕೈಪಿಡಿಯ ಒಂದು ತೆಳುವಾದ ನಕಲು ಪ್ರತಿಯನ್ನು ಇಟ್ಟುಕೊಂಡು ಎಲ್ಲರೂ ತಾವೇ ಕಲಿತರು.

ಪ್ರೋಗ್ರಾಮ್ ಸಣ್ಣ ಪಟ್ಟಿಗಳಿಗೆ ಸರಿಯಾಗಿ ಓಡುತ್ತಿತ್ತು. ಕಾರ್ಖಾನೆಯ ಎಲ್ಲ ಯಂತ್ರಗಳನ್ನೂ ಕೊಟ್ಟರೆ ಸಾಯುತ್ತಿತ್ತು. ಟರ್ಮಿನಲ್‌ನಲ್ಲಿ 'ಮೆಮರಿ ಫಾಲ್ಟ್' ಎಂಬ ಒಂದು ಸಾಲು, ಅಷ್ಟೇ. ಸತ್ತ ಗಳಿಗೆಯಲ್ಲಿ ಮೆಮರಿಯಲ್ಲಿ ಏನಿತ್ತೋ ಅದೆಲ್ಲ ಅಂಕಿಗಳಾಗಿ ಪ್ರಿಂಟರಿನಿಂದ ಬರುತ್ತಿತ್ತು. ಆ ಕಾಗದವನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಪೆನ್ಸಿಲ್ ಹಿಡಿದು ಅವನು ಓದುತ್ತಿದ್ದ. ಹೊರಗೆ ಮಳೆ ಬಿಡುತ್ತಿರಲಿಲ್ಲ. ವಾರಗಳು ಹೀಗೆಯೇ ಹೋದವು.

ಒಂದು ಮಧ್ಯಾಹ್ನ, ಲೆಕ್ಕ ಎಲ್ಲಿಯವರೆಗೆ ಬರುತ್ತದೆ ನೋಡೋಣ ಎಂದು ಹೊಸದೊಂದು ವೇರಿಯೇಬಲ್, ಅಂದರೆ ಮೆಮರಿಯಲ್ಲಿ ಒಂದು ಅಂಕಿ ಕೂರುವ ಜಾಗ, ಇಟ್ಟು, ಅದರ ಬೆಲೆಯನ್ನು ಪ್ರತಿ ಸುತ್ತಿಗೂ ಮುದ್ರಿಸುವ ಸಾಲನ್ನು ಸೇರಿಸಿದ. ಕ್ರ್ಯಾಶ್ ನಿಂತಿತು. ಮತ್ತೆ ಓಡಿಸಿದ. ಬೀಳಲಿಲ್ಲ.

"ಯಾಕೆ ನಿಂತಿತು?" ಎಂದು ಕೇಳಿದೆ.

"ನಿಂತೈತಲ್ಲ, ಸಾಕು. ಕೆದಕಬ್ಯಾಡ್ರಿ."

"ಕಾರಣ ಗೊತ್ತಿಲ್ಲದೆ?"

"ಏ, ಪೇಪರಿನವ್ರಾ, ನಿಮಗ ಎಲ್ಲಾದಕ್ಕೂ ಸಾಕ್ಷಿ ಬೇಕು. ಮನ್ಯಾಗ ಕೂಸು ಮಲಗಿದ್ರ ಯಾಕ ಮಲಗ್ತು ಅಂತ ಎಬ್ಬಿಸಿ ಕೇಳ್ತೀರೇನು?"

ನಾನು ನಕ್ಕೆ. ಆ ಕೋಣೆಯಲ್ಲಿ ಹಾಗೆ ಮಾಡುವುದು ವಾಡಿಕೆಯೇ ಆಗಿತ್ತು. ಅನೇಕರ ಪ್ರೋಗ್ರಾಮುಗಳಲ್ಲಿ ಇಂಥ, ಯಾರೂ ಮುಟ್ಟಬಾರದ ಸಾಲುಗಳಿದ್ದವು.

ಕಾರ್ಖಾನೆಯವರು ಬರುವ ಬೆಳಿಗ್ಗೆ ಮುಖ್ಯಸ್ಥರು ಒಮ್ಮೆ ಓಡಿಸಿ ತೋರಿಸಲು ಹೇಳಿದರು. ಅವರು ಮಂಗಳೂರಿನ ಕಡೆಯವರು, ಅಚ್ಚುಕಟ್ಟಿನ ಮನುಷ್ಯ.

"ಇದೆಂಥದು ಮಾರಾಯ, ಗೆಸ್ಟ್ ಬರುವಾಗ ಈ ಕಸ? ಆ ಅಂಕಿಗಳನ್ನೆಲ್ಲ ತೆಗಿ."

"ಸರ್, ಅದು ಇರ್ಲಿ..."

"ಯಾಕೆ ಇರಬೇಕು, ಹೇಳು ನೋಡುವ?"

ಅವನು ಟರ್ಮಿನಲ್ ಕಡೆಗೆ ತಿರುಗಿದ. ಮುದ್ರಿಸುವ ಸಾಲನ್ನು ತೆಗೆದ. ಇನ್ನು ಉಪಯೋಗವಿಲ್ಲವೆಂದು ಆ ವೇರಿಯೇಬಲನ್ನೂ ತೆಗೆದ. ಮರುಪರೀಕ್ಷೆಗೆ ಸಮಯ ಉಳಿಯಲಿಲ್ಲ, ಅತಿಥಿಗಳು ಮೆಟ್ಟಿಲು ಹತ್ತುತ್ತಿದ್ದರು. ಅವರ ಎದುರಿಗೆ ಪ್ರೋಗ್ರಾಮ್ ಸತ್ತಿತು. ಎರಡನೇ ಸಲವೂ ಸತ್ತಿತು. ಕಾರ್ಖಾನೆಯ ಹಿರಿಯ ಅಧಿಕಾರಿ ಚಹಾ ಮುಗಿಸಿ, "ಠೀಕ್ ಹೈ, ಹಮಾರಾ ಫೋರ್‌ಮನ್ ಹಾಥ್ ಸೇ ಹೀ ಕರ್ ಲೇಗಾ" ಎಂದು, ಫೋರ್‌ಮನ್‌ನ ಕೈಲೆಕ್ಕವೇ ಸಾಕೆಂದು, ಎದ್ದರು.

ಮರುದಿನ ಅವನು ಕಾಗದವನ್ನು ಮತ್ತೆ ನೆಲಕ್ಕೆ ಹಾಸಿದ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕಾರಣ ಸಿಕ್ಕಿತು. ಫೋರ್ಟ್ರಾನ್‌ನಲ್ಲಿ ಪಟ್ಟಿಯ ಎಣಿಕೆ ಒಂದರಿಂದ ಆರಂಭ, ಸಿ ಭಾಷೆಯಲ್ಲಿ ಸೊನ್ನೆಯಿಂದ. ಹಳೆಯ ರೂಢಿಯಿಂದ ಅವನು ಒಂದರಿಂದ ಎಣಿಸಿದ್ದ. ಪಟ್ಟಿ ತುಂಬಿದಾಗ ಕೊನೆಯ ಯಂತ್ರದ ಅಂಕಿ ಪಟ್ಟಿಯ ಜಾಗ ದಾಟಿ ಮುಂದಿನ ಜಾಗಕ್ಕೆ ಬೀಳುತ್ತಿತ್ತು. ಆ ಜಾಗದಲ್ಲಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಪ್ರೋಗ್ರಾಮಿಗೆ ಹೇಳುವ ವಿಳಾಸವಿತ್ತು. ಅವನು ಸೇರಿಸಿದ ವೇರಿಯೇಬಲ್ ನಡುವೆ ನಿಂತು ಆ ಏಟನ್ನು ತಾನು ತಿನ್ನುತ್ತಿತ್ತು.

"ಚಾಳಿನ ಕಡೀ ಖೋಲಿ ಮುಗದ ಮ್ಯಾಲ ಏನೈತ್ರಿ? ಸಂಡಾಸ್. ನಾ ಅಲ್ಲಿ ಹಾಸಿಗಿ ಹಾಸಿದ್ದೆ" ಎಂದ. ಇಬ್ಬರೂ ನಗಲಿಲ್ಲ.

ತಿದ್ದಿ ಓಡಿಸಿದ. ಎಲ್ಲ ಯಂತ್ರಗಳೂ ಬಂದವು. ಮುಖ್ಯಸ್ಥರಿಗೆ ತೋರಿಸಿದ. ಅವರು ಹಾಳೆಯನ್ನು ಕೊನೆಯವರೆಗೂ ನೋಡಿ, "ಸರಿ ಇದೆ. ಆದರೆ ಇನ್ನು ಕೇಳುವವರು ಯಾರು?" ಎಂದರು. ಮಾತು ಒರಟಾಗಿರಲಿಲ್ಲ. ಅವನ ತಾತ್ಕಾಲಿಕ ನೌಕರಿಯ ಅವಧಿಯನ್ನು ಮುಂದುವರಿಸಲಿಲ್ಲ.

ಆ ಶನಿವಾರ ಕುರ್ಲಾದ ಪೋಸ್ಟ್ ಆಫೀಸಿನಿಂದ ಊರಿಗೆ ಟ್ರಂಕ್ ಕಾಲ್ ಹಾಕಿದ. ಊರಿನ ಅಂಗಡಿಯೊಂದಕ್ಕೆ ಹೆಂಡತಿಯನ್ನು ಕರೆಸಿದ್ದರು. ಲೈನು ಕೆಟ್ಟದಾಗಿತ್ತು, ಕೂಗಿ ಮಾತಾಡಬೇಕಿತ್ತು. ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು.

"ಹಲೋ... ಕ್ವಾರ್ಟರ್ಸ್ ಇಲ್ಲ! ಇಲ್ಲ ಅಂದೆ! ನೀ ಬರೂದು ಬ್ಯಾಡ, ನಾನ ಬರ್ತೀನಿ!"

ಆ ಕಡೆಯಿಂದ ಅವಳು ಏನೋ ಕೇಳಿರಬೇಕು. ಅವನು "ಇಲ್ಲ, ರಜಾ ಅಲ್ಲ" ಎಂದ.