ನಾಲ್ಕು ಗಂಟೆಯ ಕ್ಲಾಸು, ಕಾಣಿಸದ ಹಾರ್ಡ್ ಡಿಸ್ಕು
ಗೆಳೆಯರೇ, ಇವತ್ತು ಏನೂ ತಪ್ಪು ಮಾಡದ ಅಂಗಡಿಯವನೊಬ್ಬನ ಜೊತೆ ಜಗಳವಾಡಿದೆ. ನಮ್ಮ ಹಳೆಯ ಕಂಪ್ಯೂಟರಿಗೆ ಮುಂಬಯಿ ಪಕ್ಕದ ಕಲ್ಯಾಣದಲ್ಲಿರುವ ಅವನ ಅಂಗಡಿಯಿಂದ ಹೊಸ ಹಾರ್ಡ್ ಡಿಸ್ಕ್ ತಂದು ಕೂರಿಸಿದ್ದೆ. ಹಳೆಯದರಲ್ಲಿದ್ದದ್ದನ್ನೆಲ್ಲ ಅವನೇ ಅದಕ್ಕೆ ತುಂಬಿಸಿಯೂ ಕೊಟ್ಟಿದ್ದ. ಆದರೆ ಸ್ಕ್ರೀನಿನ ಮೇಲೆ ‘ಡಿಸ್ಕ್ ಇಲ್ಲ’ ಎಂಬ ಒಂದೇ ಹಠ.

“ನಾಲ್ಕಕ್ಕೆ ನನ್ನ ಆನ್‌ಲೈನ್ ಕನ್ನಡ ಕ್ಲಾಸುಂಟು ಮಾರಾಯ್ರೆ, ಪಾಠ ಎಲ್ಲ ಅದರಲ್ಲೇ ಇರುವುದು. ಒಂದು ವಾರ ತಪ್ಪಿದ್ರೆ ಈ ಡೊಂಬಿವಲಿ ಮಕ್ಕಳು ಮತ್ತೆ ಬರ್ಲಿಕ್ಕಿಲ್ಲ” ಎಂದಳು ಹೆಂಡತಿ. ಆಗಲೇ ಮೂರೂವರೆ.

ಫೋನಿನಲ್ಲಿ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡೆ. “ಅಂಕಲ್, ಕೇಬಲ್ ಬದಲ್ ಕೇ ದೇಖೋ” ಎಂದ. ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಮಗಳು ಡಿಸ್ಕ್ ಬಿಚ್ಚಿ, ಕೇಬಲ್ ಸಿಕ್ಕಿಸುವ ಜಾಗ ನೋಡಿ ಕೇಳಿದಳು: “ಪಪ್ಪಾ, ಇಲ್ಲಿ ಕುಂಕುಮ ಹಚ್ಚಿದ್ದು ಯಾರು?”

ನಾನೇ. ಹೊಸ ಸಾಮಾನಿಗೆ ಕುಂಕುಮ ಇಡದೆ ನಮ್ಮಲ್ಲಿ ಸ್ವಿಚ್ ಹಾಕುವುದಿಲ್ಲ.

“ಪುಣ್ಯಕ್ಕೆ ಅದರ ಮೇಲೆ ತೆಂಗಿನಕಾಯಿ ಒಡೀಲಿಲ್ಲ” ಎಂದಳು ಹೆಂಡತಿ. ಮಗಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂಪ್ಯೂಟರ್ ಎದ್ದಿತು.

ಅಂಗಡಿಯವನಿಗೆ ಸಾರಿ ಹೇಳಿ ಈಗ ನಿಮಗೆ ಕಳಿಸಲು ಇದನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಒಳಗೆ ಮಕ್ಕಳೆಲ್ಲ ಒಟ್ಟಿಗೆ ಅ ಆ ಇ ಈ ಹೇಳುತ್ತಿದ್ದಾರೆ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡ ವಿದ್ಯಾರ್ಥಿ ನಮ್ಮ ಕಂಪ್ಯೂಟರೇ, ಅದಕ್ಕೆ ಹದಿನಾಲ್ಕು ವರ್ಷ.