ತೇಜಾಬಿನ ಗುಂಡಿಯ ನೀರು

ಸತ್ತವರ ಜೀವ ಸತ್ತ ಜಾಗದಲ್ಲೇ ಕಾದಿರುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವವರು ಹೇಗೆ ಬೇಕಾದರೂ ತಿಳಿದುಕೊಳ್ಳಲಿ.

ಅರವತ್ತರ ದಶಕದ ನಡುವಿನ ಮಾತು. ಧಾರವಾಡದವನಾದ ನಾನು ಆಗ ವಡೋದರಾದಲ್ಲಿ ನೀರು ಪರೀಕ್ಷಿಸುವ ಸಣ್ಣದೊಂದು ಪ್ರಯೋಗಾಲಯದಲ್ಲಿದ್ದೆ. ಬಾವಿ ನೀರು, ನಲ್ಲಿ ನೀರು, ಕಾರ್ಖಾನೆಗಳ ಹೊಲಸು ನೀರು ಎಲ್ಲವೂ ಸೀಸೆಗಳಲ್ಲಿ ಬಂದು ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಇಬ್ಬರ ಕೆಲಸ ನನ್ನೊಬ್ಬನ ತಲೆಗೆ ಬಿದ್ದಿತ್ತು. ಆ ಬೇಸಿಗೆಯಲ್ಲಿ ಎಷ್ಟು ದಣಿದಿದ್ದೆನೆಂದರೆ, ಮನೆಗೆ ಬಂದು ಬೂಟು ಬಿಚ್ಚುವುದಕ್ಕೂ ಬೇಸರ.

ಮಣಿಬೆನ್ ಬಂದದ್ದು ಆಗ. ಅವಳ ಗಂಡ ಊರ ಹೊರಗಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೂಲಿಯಾಗಿದ್ದ. ಹೊಲಸು ತೇಜಾಬು, ಅಂದರೆ ಆಮ್ಲ, ಬಿಡುವ ಗುಂಡಿಯ ಕೆಸರು ತೆಗೆಯಲು ಇಳಿದವನು ಉಸಿರು ಕಟ್ಟಿ ಅಲ್ಲೇ ಸತ್ತಿದ್ದ. ಹೀಗೆ ಅಕಾಲದಲ್ಲಿ ಹೋದವರ ಜೀವವನ್ನು ಸತ್ತ ಜಾಗದಿಂದ ಕರೆದು ಮನೆಗೆ ಒಯ್ಯುವುದು ಅವರ ಕಡೆಯ ಪದ್ಧತಿ. ಆದರೆ ಅವಳ ಮೈದುನರು, ತೇಜಾಬಿನಲ್ಲಿ ಜೀವವೂ ಸುಟ್ಟುಹೋಗಿದೆ, ಒಯ್ಯಲು ಏನೂ ಉಳಿದಿಲ್ಲ ಎಂದುಬಿಟ್ಟಿದ್ದರು.

"ಸಣ್ಣದನ್ನೆಲ್ಲ ದೊಡ್ಡದು ಮಾಡಿ ತೋರಿಸೋ ಗಾಜು ನಿಮ್ಮ ಹತ್ತಿರ ಇದೆಯಂತೆ, ಸಾಹೇಬ್. ಇದು ಆ ಗುಂಡಿಯ ನೀರು. ಇದರಲ್ಲಿ ಜೀವ ಇದೆಯಾ ನೋಡಿ ಹೇಳಿ," ಎಂದು ಸೀಸೆಯೊಂದನ್ನು ಮುಂದಿಟ್ಟಳು.

ನಾನು ಸೂಕ್ಷ್ಮದರ್ಶಕದ ಹತ್ತಿರವೂ ಹೋಗಲಿಲ್ಲ. "ತೇಜಾಬಿನಲ್ಲಿ ಏನು ಬದುಕುತ್ತೆ, ಬೆನ್? ಇಲ್ಲ," ಎಂದು ಕಳಿಸಿದೆ. ಮರುವಾರ ಮತ್ತೆ ಬಂದಳು. ಅದೇ ಉತ್ತರ ಕೊಟ್ಟೆ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೋಡದ ಹೆಂಗ ಇಲ್ಲ ಅಂದ್ರಿ? ಒಮ್ಮೆ ನೋಡಿ ಹೇಳಿದ್ರ ನಿಮ್ಮ ಗಂಟೇನು ಹೋಗ್ತದ?" ಎಂದಳು.

ಮೂರನೆಯ ಸಲ ಅವಳು ಬಂದದ್ದು ಸುಡು ಮಧ್ಯಾಹ್ನ. ಸೀಸೆಯ ಹೊರಮೈ ಇನ್ನೂ ಒದ್ದೆಯಾಗಿತ್ತು. ಪರೀಕ್ಷೆಯ ಕಾಗದ ಅದ್ದಿದೆ, ಕಡುಗೆಂಪಾಯಿತು. ಅಷ್ಟು ಹುಳಿ ನೀರನ್ನು ನಾನು ಅಪರೂಪಕ್ಕೆ ಕಂಡಿದ್ದೆ. ಹೆಂಡತಿಯ ಮಾತು ನೆನಪಾಗಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದೆ.

ಹಸಿರು ಕಣಗಳು. ಉಬ್ಬುತ್ತ, ಕುಗ್ಗುತ್ತ, ಒಂದನ್ನೊಂದು ದಾಟಿಕೊಂಡು ಈಜಾಡುತ್ತಿದ್ದವು. ಗಾಜಿನಲ್ಲೇ ಏನೋ ಅಂಟಿರಬೇಕೆಂದು ಬೇರೆ ಗಾಜು ತೊಳೆದು ಇನ್ನೊಂದು ಹನಿ ಹಾಕಿದೆ. ಅದರಲ್ಲೂ ಇದ್ದವು.

"ಇದೆ," ಎಂದೆ. "ಜೀವ ಇದೆ."

"ಓಡಾಡ್ತಾ ಇದೆಯಾ?"

"ಹೌದು."

ಅವಳು ಅಳಲಿಲ್ಲ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, "ಚಾಲೋ, ಮನೆಗೆ ಹೋಗೋಣ," ಎಂದಳು. ನನಗೆ ಹೇಳಿದ್ದಲ್ಲ. ಮತ್ತೆ ಅವಳು ಬರಲೇ ಇಲ್ಲ.

ಮರುದಿನ ಆ ನೀರನ್ನು ನಾನೇ ತುಂಬಿಕೊಂಡು ಬರೋಣವೆಂದು ಸೈಕಲ್ ಹತ್ತಿ ಕಾರ್ಖಾನೆಗೆ ಹೋದೆ. ಕೂಲಿಗಳ ಮುಕಾದಮ ನನ್ನನ್ನು ಕಾರ್ಖಾನೆಯ ಹಿಂಭಾಗಕ್ಕೆ ಕರೆದೊಯ್ದು ತೋರಿಸಿದ. ಅಲ್ಲಿದ್ದದ್ದು ಬಿರುಕು ಬಿಟ್ಟ ಗಟ್ಟಿ ನೆಲ.

"ಆ ಗುಂಡಿ ಈಗೆಲ್ಲಿದೆ, ಸಾಹೇಬ್? ಹೋಳಿ ಹಬ್ಬಕ್ಕೆ ಮುಂಚೆಯೇ ಸುಣ್ಣ ಸುರಿದು ಮಣ್ಣು ಮುಚ್ಚಿಸಿದರು. ಈಗ ಹೊಲಸೆಲ್ಲ ಪೈಪಿನಲ್ಲಿ ಹೋಗುತ್ತೆ."

"ಮಣಿಬೆನ್ ನಿನ್ನೆ ಇಲ್ಲಿಂದ ನೀರು ತಂದಿದ್ದಳಲ್ಲ?"

"ಬಂದಿದ್ದಳು. ಪಾಪ, ವಾರಕ್ಕೊಂದು ಸಲ ಬರುತ್ತಾಳೆ. ಈ ಮಣ್ಣಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾಳೆ. ನೀರು ಎಲ್ಲಿಂದ ತರಬೇಕು?"

ನಾನು ಬೂಟಿನ ತುದಿಯಿಂದ ಆ ನೆಲವನ್ನು ಕೆದಕಿ ನೋಡಿದೆ. ಒಣ ಸುಣ್ಣ ಎದ್ದಿತು. ಪೈಪಿನ ಬಾಯಿಗೂ ಹೋಗಿ ನೀರು ತುಂಬಿಕೊಂಡು ಬಂದೆ. ಅದರ ಹುಳಿಯೇ ಬೇರೆ. ಎಷ್ಟು ಹೊತ್ತು ಕಣ್ಣು ಹಚ್ಚಿ ಕೂತರೂ ಏನೂ ಮಿಸುಕಲಿಲ್ಲ.

ಕಡು ಹುಳಿ ನೀರಿನಲ್ಲೂ, ಸೋಡಾದಂತೆ ಕ್ಷಾರ ತುಂಬಿದ ಕೆರೆಗಳಲ್ಲೂ ಬದುಕುವ ಸೂಕ್ಷ್ಮ ಜೀವಿಗಳಿವೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ನಾನು ಕಂಡದ್ದೇನೆಂದು ಅದರಿಂದ ತಿಳಿಯಿತು. ಆ ನೀರು ಎಲ್ಲಿಯದೆಂದು ತಿಳಿಯಲಿಲ್ಲ. ಅವಳು ಕೇಳಿದ ಜೀವ ಒಂದು, ನಾನು ಇದೆ ಎಂದ ಜೀವ ಇನ್ನೊಂದು. ಅಂದು ಅವಳಿಗೆ ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.