ಮಿಸ್ರಿಗೊಂದು ಕಾಲಂ

ಬೇರೆಯವರ ಬಾಯಿಯೊಳಗೆ ಇಣುಕುವಾಗ ನಮ್ಮ ಡಾಕ್ಟರಬಾಯಿಯವರ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತಿತ್ತು. ರೋಗಿ 'ಆ' ಎಂದರೆ ಇವರೂ 'ಆ'. ಎಷ್ಟೇ ಹೆದರಿ ಬಂದವರೂ ಅದನ್ನು ನೋಡಿ ನಕ್ಕುಬಿಡುತ್ತಿದ್ದರು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆಸ್ಪತ್ರೆಯ ಕಾಗದಗಳು ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಿದ್ದವು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಆ ಲೇಡಿ ಡಾಕ್ಟರಿಗೆ ನಮ್ಮ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧಕ್ಕೆ ನರ್ಸಾಗಿದ್ದ ನಾನಿದ್ದೆ. ರೊಟ್ಟಿ ಬಡಿಯುವುದನ್ನು ಮಾತ್ರ ಯಾರನ್ನೂ ಕೇಳದೆ ಕಲಿತು, ನಕಾಶೆಯಂಥ ರೊಟ್ಟಿಗಳನ್ನು ನಮಗೇ ತಿನ್ನಿಸಿದರು.

ಆ ವರ್ಷ ಬೆಂಗಳೂರಿನಿಂದ ಒಂದು ಫಾರಂ ಬಂತು. ಹೊಸ ಜಿಲ್ಲೆಗಳಲ್ಲಿ ಯಾವ ಕ್ಯಾನ್ಸರ್ ಹೆಚ್ಚು, ಯಾವುದರ ಸಂಶೋಧನೆ ಮೊದಲು ಆಗಬೇಕು ಎಂದು ತಿಳಿಯುವುದಕ್ಕೆ. ಜೀಪಿನಲ್ಲಿ ಔರಾದ, ಭಾಲ್ಕಿ ಸುತ್ತಿದೆವು. ತಂಬಾಕು ತಿನ್ನುತ್ತೀರಾ ಎಂದು ನಾನು ಕೇಳುವುದು, ಹೌದೆಂದವರ ಬಾಯಿಯನ್ನು ಅವರು ನೋಡುವುದು. ಹೆಂಗಸರೆಲ್ಲ 'ಇಲ್ರಿ' ಎಂದರು. ಒಂದು ರಾತ್ರಿ ನನ್ನೂರು ಭಾತಂಬ್ರಾದಲ್ಲಿ ನಮ್ಮ ಮನೆಯಲ್ಲೇ ಉಳಿದೆವು. ನಮ್ಮವ್ವನ ಹೆಸರಿನ ಮುಂದೆಯೂ 'ಇಲ್ಲ' ಎಂದೇ ಬರೆದೆ.

ಬೆಳಿಗ್ಗೆ ಅವ್ವ ಅಂಗಳದಲ್ಲಿ ಕೂತು ಬೆರಳಿನಿಂದ ಕರಿ ಪುಡಿ ಹಚ್ಚಿ ಹಲ್ಲು ತಿಕ್ಕುತ್ತಿದ್ದಳು.

"ಅದೇನಮ್ಮಾ?" ಎಂದರು ಡಾಕ್ಟರಬಾಯಿ.

"ಮಿಸ್ರಿರಿ ಬಾಯಿ. ತಂಬಾಕ ಹುರ್ದು ಕುಟ್ಟೇನಿ."

"ನೆನ್ನೆ ತಂಬಾಕು ಇಲ್ಲ ಅಂದ್ರಲ್ಲ!"

"ತಿನ್ನಂಗಿಲ್ರಿ. ಇದು ಹಲ್ಲ ತಿಕ್ಕೂದು. ಎಲ್ಲಾ ಹೆಣ್ಮಕ್ಕಳೂ ತಿಕ್ತಾರ."

ನಗುತ್ತಲೇ ಅವ್ವನಿಗೆ ಬಾಯಿ ಮುಕ್ಕಳಿಸಲು ಹೇಳಿ, ಮುಖ ಬಿಸಿಲಿಗೆ ತಿರುಗಿಸಿ ನೋಡಿದರು. ಅವ್ವ ಬಾಯಿ ಮುಚ್ಚಿದರೂ ಇವರು ಮುಚ್ಚಲಿಲ್ಲ. ಕೆನ್ನೆಯೊಳಗೆ ಬಿಳಿ ಮಚ್ಚೆ, ಅದರ ನಡುವೆ ಹುಣ್ಣು.

ಹುಟ್ಟಿದಾಗಿನಿಂದ ಅವ್ವನ ಮಿಸ್ರಿ ಡಬ್ಬಿ ನೋಡಿದವಳು ನಾನೇ. ಅವರು ಬೈಯಲಿಲ್ಲ. "ನಾನೂ ಸರಿಯಾಗಿ ಕೇಳಲಿಲ್ಲವಲ್ಲೇ. ನಡಿ, ಮೊದಲು ಅಮ್ಮನ್ನ ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸೋಣ. ಆಮೇಲೆ ಹೋದ ಮನೆಗೆಲ್ಲಾ ಮತ್ತೆ ಹೋಗೋಣ."

ಹೋದೆವು. ಪ್ರತಿ ಫಾರಂನಲ್ಲೂ ಸ್ಕೇಲು ಹಿಡಿದು ಗೆರೆ ಎಳೆದು, ಹೊಸ ಕಾಲಂ ಮಾಡಿ 'ಮಿಸ್ರಿ' ಎಂದು ಬರೆದರು. ಫಾರಂನಲ್ಲಿ ಇಲ್ಲದ್ದನ್ನು ಸೇರಿಸಬಾರದೆಂದು ಮೇಲಿನವರು ಕಾಗದಗಳನ್ನು ಹಿಂದಿರುಗಿಸಿದರು. "ಕಾಲಂ ಇಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಾನೇನೇ?" ಎಂದು ನನ್ನ ಮೇಲೇ ರೇಗಿ, ಅವನ್ನೇ ಮತ್ತೆ ಕಳಿಸಿದರು. ಮುಂದಿನ ಫಾರಂನಲ್ಲಿ ಮಿಸ್ರಿ ಅಚ್ಚಾಗಿಯೇ ಬಂತು. ಅಂದು ಆಸ್ಪತ್ರೆಗೆಲ್ಲ ಪೇಡಾ ಹಂಚಿದರು.

ಶಸ್ತ್ರಚಿಕಿತ್ಸೆಯಾಗಿ ಅವ್ವನ ಒಂದು ಕೆನ್ನೆ ತುಸು ಸೊಟ್ಟಗಾಯಿತು, ಅಷ್ಟೆ. ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು, ಅವರ ಲಗ್ನವನ್ನೂ ನೋಡಿದಳು. "ಆ ಬಾಯಿ ನನ್ನ ಮಿಸ್ರಿ ಕಸ್ಕೊಂಡಾಳ" ಎಂದು ಗೊಣಗುತ್ತಲೇ, ಅವರು ಮರಳಿ ಹೋದ ಮೇಲೆ ಮೈಸೂರಿಗೆ ವರ್ಷವರ್ಷವೂ ತೊಗರಿಬೇಳೆ ಕಳಿಸುತ್ತಿದ್ದಳು.

ಡಾಕ್ಟರಬಾಯಿ ತೀರಿಕೊಂಡ ಪತ್ರ ಬಂದಾಗಲೂ ಅವ್ವ ಬೇಳೆ ಹಸನು ಮಾಡುತ್ತಿದ್ದಳು. ಓದಿ ಹೇಳಿದೆ. ಕೈ ನಿಂತಿತು.

"ನನಕಿಂತ ಸಣ್ಣಾಕಿ," ಎಂದಳು. ಮೊರ ಪಕ್ಕಕ್ಕಿಟ್ಟು ಕೇಳಿದಳು: "ಎಲ್ಲಾರ್ನೂ ನೋಡಾಕಿ ಆಕಿ. ಆಕಿನ್ನ ಯಾರ ನೋಡಿದ್ರವ್ವಾ?"

ಅಷ್ಟು ವರ್ಷ ಅವರಿಗೆ ಪತ್ರ ಬರೆದವಳು ನಾನು, ಒಮ್ಮೆಯೂ ಅದನ್ನು ಕೇಳಿರಲಿಲ್ಲ.